ಮೊಸಳೆಯನ್ನು ಕುರಿತು ಗ್ರಾಮಗಳಲ್ಲಿ ಕೇಳಿಬರುವ ಪ್ರಶ್ನೆಗಳೂ ಅವುಗಳ ಉತ್ತರಗಳೂ

(ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗಳ ಜಮೀನುದಾರರ ಮತ್ತು ಗ್ರಾಮ ಮುಖಂಡರ ತಿಳಿವಳಿಕೆಗಾಗಿ)

ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ಸೀಮೆಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ನೀರಿನ ವಿಷಯದಲ್ಲಿ ಮೂರೂ ಬೇರೆ ಬೇರೆ ಸ್ವಭಾವದವು. ತರೀಕೆರೆಗೆ ಭದ್ರಾ ನದಿಯುಂಟು. ಲಕ್ಕವಳ್ಳಿಯ ಅಣೆಕಟ್ಟೂ, ಅದರ ಹಿಂದೆ ಕಾಡಿನೊಳಕ್ಕೆ ಚಾಚಿಕೊಂಡಿರುವ ಹಿನ್ನೀರೂ, ಅಲ್ಲಿಂದ ಹೊರಡುವ ನಾಲೆಗಳೂ ಉಂಟು. ಕಡೂರಿಗೆ ಅಯ್ಯನಕೆರೆ, ಮದಗದಕೆರೆ ಮೊದಲಾದ ಹಿರಿಯ ಕೆರೆಗಳೂ, ಬೇಸಗೆಯಲ್ಲಿ ಬರಿಯ ಮರಳಾಗುವ ವೇದಾವತಿಯೂ ಆಧಾರ. ಮೊದಲು ತರೀಕೆರೆಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರವು ಬೆದ್ದಲು ಮತ್ತು ಕಾವಲುಗಳ ಸೀಮೆ. ಭದ್ರೆಯ ನೀರನ್ನು ಮೇಲೆತ್ತಿ ಅಜ್ಜಂಪುರದ ಸುರಂಗದ ಮೂಲಕ ಪೂರ್ವಕ್ಕೆ ಹರಿಸತೊಡಗಿದ ಮೇಲೆ ಈ ಸೀಮೆಯಲ್ಲಿಯೂ ಹೊಸ ನೀರಿನ ಮಾತು ಹುಟ್ಟಿದೆ.

ನೀರಿದ್ದಲ್ಲಿ ಮೊಸಳೆಯ ಮಾತೂ ಇರುವುದು. ಈ ವಿಷಯದಲ್ಲಿ ಜನರು ಎರಡು ಬಗೆಯಲ್ಲಿ ತಪ್ಪುವರು. ಕೆಲವರು ಮೊಸಳೆ ಕಂಡಿತೆಂದ ಕೂಡಲೆ ಕೋಲು, ಕಲ್ಲು, ಉರುಳುಗಳನ್ನು ತೆಗೆದುಕೊಂಡು ಹೊರಡುವರು. ಮತ್ತೆ ಕೆಲವರು, ಇಷ್ಟು ವರ್ಷ ಏನೂ ಆಗಲಿಲ್ಲ, ಇನ್ನೇನಾದೀತು ಎಂದು ಕತ್ತಲಲ್ಲಿ ಒಬ್ಬರೇ ಹೊಳೆಗೆ ಇಳಿಯುವರು. ಎರಡೂ ಅಪಾಯವೇ. ಮೊಸಳೆಯಿಂದಾಗುವ ಅನಾಹುತಗಳಲ್ಲಿ ಬಹುಪಾಲು ಹಣೆಬರಹದಿಂದ ಆಗುವುವಲ್ಲ, ರೂಢಿಯಿಂದ ಆಗುವುವು. ದಿನವೂ ಅದೇ ಕಡವು, ಅದೇ ಹೊತ್ತು, ನೀರಿನ ಅಂಚಿನಲ್ಲಿ ಅದೇ ಬಾಗಿದ ನಿಲುವು. ಇದನ್ನು ಮೊಸಳೆ ಗಮನಿಸುತ್ತದೆ. ಪ್ರಾಣಿಯ ನಡವಳಿಕೆಯನ್ನು ಅರಿತು ಈ ರೂಢಿಯನ್ನು ತಿದ್ದಿಕೊಂಡರೆ ಅಪಾಯದ ಹೆಚ್ಚಿನ ಪಾಲು ತಪ್ಪಿಹೋಗುವುದು. ಆದಕಾರಣ ಗ್ರಾಮಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳನ್ನೂ ಅವುಗಳಿಗೆ ತಿಳಿದಿರುವ ಉತ್ತರಗಳನ್ನೂ ಕೆಳಗೆ ಕೊಟ್ಟಿದೆ.

೧. ಅಲಿಗೇಟರೂ ಮೊಸಳೆಯೂ ಒಂದೆಯೆ? ನಮ್ಮ ಹೊಳೆಯಲ್ಲಿರುವುದು ಯಾವುದು?

ಒಂದಲ್ಲ. ಅಲಿಗೇಟರುಗಳಲ್ಲಿ ಎರಡೇ ಜಾತಿ. ಒಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿಯೂ, ಇನ್ನೊಂದು ಚೀಣಾ ದೇಶದ ಯಾಂಗ್‌ಟ್ಸೆ ನದಿಯ ಕೆಳಸೀಮೆಯಲ್ಲಿಯೂ ಇವೆ. ಭಾರತದ ಯಾವ ಹೊಳೆಯಲ್ಲಿಯೂ ಕಾಡು ಅಲಿಗೇಟರು ಇಲ್ಲ. ಬಾಯಿ ಮುಚ್ಚಿದಾಗ ಕೆಳದವಡೆಯ ನಾಲ್ಕನೆಯ ಹಲ್ಲು ಹೊರಗೆ ಕಾಣುತ್ತಿದ್ದರೆ ಅದು ಮೊಸಳೆ. ಅಲಿಗೇಟರಿನಲ್ಲಿ ಆ ಹಲ್ಲು ಒಳಗೆ ಅಡಗಿರುತ್ತದೆ.

ಭಾರತದಲ್ಲಿ ಮೊಸಳೆಯ ಕುಲಕ್ಕೆ ಸೇರಿದ ಮೂರು ಜಾತಿಗಳಿವೆ. ಉಪ್ಪುನೀರಿನ ಮೊಸಳೆಯು ಒರಿಸ್ಸಾದ ಭಿತರ್‌ಕನಿಕಾ, ಬಂಗಾಳದ ಸುಂದರಬನ, ಅಂಡಮಾನ್ ದ್ವೀಪಗಳಲ್ಲಿ ಇದೆ. ಇದೇ ಎಲ್ಲಕ್ಕಿಂತ ದೊಡ್ಡದು. ಉದ್ದವಾದ ಸಪುರ ಮೂತಿಯ ಘರಿಯಲ್ ಎಂಬುದು ಚಂಬಲ್, ಗಂಗಾ ಮೊದಲಾದ ಉತ್ತರದ ನದಿಗಳದು. ಅದು ಮುಖ್ಯವಾಗಿ ಮೀನು ತಿನ್ನುವುದು. ಮೂರನೆಯದು ಹೊಳೆ, ಕೆರೆ, ಮಡುಗಳಲ್ಲಿರುವ ಸಿಹಿನೀರಿನ ಮೊಸಳೆ. ಭದ್ರಾ ನದಿಯಲ್ಲಿಯೂ ಅದರ ಹಿನ್ನೀರಿನಲ್ಲಿಯೂ ಇರುವುದು, ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಬಂಡೆಗಳ ಮೇಲೆ ಮಲಗಿರುವುದು, ದಾಂಡೇಲಿಯ ಕಾಳೀ ನದಿಯಲ್ಲಿ ಕಾಣುವುದು ಇದೇ ಜಾತಿ. ಬೆಳೆದ ಗಂಡು ಸಾಮಾನ್ಯವಾಗಿ ೧೦ರಿಂದ ೧೨ ಅಡಿ ಉದ್ದವಿರುವುದು. ಇದಕ್ಕಿಂತ ದೊಡ್ಡವು ಅಪರೂಪ. ಹೆಣ್ಣು ೭ರಿಂದ ೮ ಅಡಿ.

೨. ಕೆರೆಯಲ್ಲಿ ಮೊಸಳೆ ಬಂದಿದೆಯೆಂದು ಯಾರಾದರೂ ಹೇಳಿದರೆ ನಂಬುವುದು ಹೇಗೆ?

ಮೊದಲು ಪರೀಕ್ಷಿಸತಕ್ಕದ್ದು. ತೇಲುವ ಮರದ ತುಂಡನ್ನೂ, ಈಜುವ ಉಡವನ್ನೂ, ತಲೆ ಮಾತ್ರ ಮೇಲೆತ್ತಿದ ನೀರುನಾಯಿಯನ್ನೂ ಕಂಡು ಮೊಸಳೆಯೆಂದು ಭ್ರಮಿಸುವುದುಂಟು. ಉಡವು ಸೀಳುನಾಲಗೆಯನ್ನು ಪದೇಪದೇ ಹೊರಗೆ ಚಾಚುವುದು. ಮೊಸಳೆಯ ನಾಲಗೆಯು ಬಾಯಿಯ ತಳಕ್ಕೆ ಅಂಟಿಕೊಂಡಿರುವುದರಿಂದ ಹೊರಗೆ ಬರಲಾರದು. ನೀರುನಾಯಿಗೆ ಕೂದಲುಂಟು, ಅದು ಒಂದೆಡೆ ನಿಲ್ಲದು. ಮೊಸಳೆ ತೇಲುವಾಗ ಮೂಗಿನ ತುದಿಯೂ ಕಣ್ಣುಗಳೂ ಮಾತ್ರ ನೀರಿನ ಮೇಲೆ ಕಾಣುವುವು, ಮೈ ಅಲ್ಲಾಡದು.

ದಂಡೆಯ ಕೆಸರಿನಲ್ಲಿ ಹೆಜ್ಜೆಗಳ ಎರಡು ಸಾಲೂ ನಡುವೆ ಬಾಲ ಎಳೆದ ಗೆರೆಯೂ, ನೀರಿಗೆ ಜಾರಿದ ನುಣುಪಾದ ಜಾಡೂ ಇದ್ದರೆ ಅನುಮಾನಕ್ಕೆ ಕಾರಣವುಂಟು. ರಾತ್ರಿ ದೂರದಿಂದ ಟಾರ್ಚಿನ ಬೆಳಕು ಬಿಟ್ಟರೆ ಮೊಸಳೆಯ ಕಣ್ಣುಗಳು ಕೆಂಡದಂತೆ ಕೆಂಪಗೆ ಹೊಳೆಯುವುವು. ಈ ಪರೀಕ್ಷೆಯನ್ನು ಏರಿಯ ಮೇಲೆ ನಿಂತು ಇಬ್ಬರು ಮೂವರು ಕೂಡಿ ಮಾಡತಕ್ಕದ್ದೇ ಹೊರತು, ನೀರಿನ ಅಂಚಿಗೆ ಇಳಿದು ಮಾಡಕೂಡದು.

೩. ಹೊಳೆಯಿಲ್ಲದ ಊರಿನ ಕೆರೆಗೆ ಮೊಸಳೆ ಬರುವುದುಂಟೆ?

ಬರಬಹುದು. ಸಿಹಿನೀರಿನ ಮೊಸಳೆಯು ನೆಲದ ಮೇಲೆ ಬಹಳ ದೂರ ನಡೆಯಬಲ್ಲದು. ಮಡು ಬತ್ತಿದಾಗ ರಾತ್ರಿಯ ಹೊತ್ತು ಹೊರಟು ಬೇರೆ ನೀರನ್ನು ಹುಡುಕಿಕೊಂಡು ಹೋಗುವುದು. ಮಳೆಗಾಲದಲ್ಲಿ ತುಂಬಿದ ಹಳ್ಳಗಳನ್ನೂ ನಾಲೆಗಳನ್ನೂ ಹಿಡಿದು ಹರಡುವುದು. ನೀರು ಪೂರ್ತಿ ಬತ್ತಿದರೆ ದಂಡೆಯಲ್ಲಿ ಬಿಲ ತೋಡಿಕೊಂಡು ಅದರೊಳಗೆ ತಂಪಾಗಿ ಬಿದ್ದುಕೊಂಡು ಮಳೆಗೆ ಕಾಯುವುದು. ಆದ್ದರಿಂದ ಭದ್ರಾ ನಾಲೆಗಳ ಅಚ್ಚುಕಟ್ಟಿನವರೂ, ಹೊಸದಾಗಿ ನೀರು ಕಾಣುತ್ತಿರುವ ಹಳ್ಳಗಳ ಪಕ್ಕದವರೂ ಮೊದಲ ಮಳೆಯ ತರುವಾಯ ಸ್ವಲ್ಪ ಎಚ್ಚರಿಕೆಯಿಂದಿರುವುದು ಒಳ್ಳೆಯದು. ಹಾಗೆಂದು ನೀರು ಬಂದ ಊರಿಗೆಲ್ಲ ಮೊಸಳೆ ಬಂದೇ ಬರುವುದೆಂದು ಹೆದರಬೇಕಾದುದಿಲ್ಲ.

ಇನ್ನೊಂದು ಮಾತು. ಕೆರೆಯ ಏರಿಯಲ್ಲಿ ದೊಡ್ಡ ಬಿಲ ಕಂಡರೆ, ಅದು ಮೊಸಳೆಯದಾಗಲಿ ಮುಳ್ಳುಹಂದಿಯದಾಗಲಿ, ಕೆರೆ ತುಂಬುವ ಮುಂಚೆಯೇ ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಏರಿಗೆ ಬಿಲವೇ ಶತ್ರು. ಆದರೆ ಒಳಗೆ ಏನಿದೆಯೆಂದು ತಿಳಿಯದೆ ಕೈ ಹಾಕುವುದೂ, ಹೊಗೆ ಹಾಕುವುದೂ, ಮಣ್ಣು ತುಂಬಿ ಮುಚ್ಚುವುದೂ ತಪ್ಪು.

೪. ಮೊಸಳೆ ಬಾಯಿ ತೆರೆದುಕೊಂಡು ಮಲಗುವುದು ಕೋಪದಿಂದಲೆ? ಅದರ ಕಣ್ಣೀರು ನಿಜವೆ?

ಮೊಸಳೆಯ ರಕ್ತ ತಣ್ಣಗಿನದು. ಎಂದರೆ ಹಸುವಿನಂತೆ, ಮನುಷ್ಯನಂತೆ ಒಳಗಿನಿಂದಲೇ ಮೈಯನ್ನು ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಬಿಸಿಲು ಏರಿದ ಮೇಲೆ ದಂಡೆಗೆ ಬಂದು ಕಾಯಿಸಿಕೊಳ್ಳುವುದು. ಮೈ ಸಾಕಷ್ಟು ಕಾದ ಮೇಲೆ ಬಾಯಿ ತೆರೆದು, ಒಳಗಿನ ತೇವ ಆರುವಂತೆ ಮಾಡಿ ತಲೆಯನ್ನು ತಂಪುಮಾಡಿಕೊಳ್ಳುವುದು. ಅದು ಕೋಪವಲ್ಲ. ಕಣ್ಣೀರೂ ಕಪಟವಲ್ಲ; ಕಣ್ಣು ಒಣಗದಂತೆ ನೋಡಿಕೊಳ್ಳುವ ಗ್ರಂಥಿಗಳಿಂದ ಒಸರುವ ದ್ರವ ಅದು. ಗಾದೆಯು ಮನುಷ್ಯರಿಗೆ ಹೇಳಿದ್ದೇ ಹೊರತು ಮೊಸಳೆಗೆ ಹೇಳಿದ್ದಲ್ಲ.

೫. ಅದರ ಆಹಾರವೇನು? ಜಾನುವಾರುಗಳನ್ನು ಹಿಡಿಯುವುದೆ?

ಮರಿಯಾಗಿದ್ದಾಗ ಹುಳು, ಏಡಿ, ಕಪ್ಪೆ, ಸಣ್ಣ ಮೀನು. ಬೆಳೆದ ಮೇಲೆ ಮೀನು, ಆಮೆ, ನೀರುಹಕ್ಕಿ, ಕೋತಿ, ಜಿಂಕೆ, ಸತ್ತುಬಿದ್ದ ಪ್ರಾಣಿಗಳು. ಮೈ ಬೆಚ್ಚಗಿಡಲು ಆಹಾರ ವೆಚ್ಚವಾಗದ ಕಾರಣ ಅದರ ಗಾತ್ರಕ್ಕೆ ಅದು ತಿನ್ನುವುದು ಕಡಮೆ. ದೊಡ್ಡ ಊಟವೊಂದಾದ ಮೇಲೆ ಅನೇಕ ದಿನಗಳು ಸುಮ್ಮನಿರಬಲ್ಲದು. ಊರ ಜಾನುವಾರುಗಳ ಪೈಕಿ ನಾಯಿ, ಆಡು, ಕುರಿ, ಎಳೆಗರು ಇವುಗಳಿಗೆ ಹೆಚ್ಚು ಅಪಾಯ. ಅಮೃತಮಹಲಿನಂಥ ಬಲಿತ ಎತ್ತನ್ನು ಹಿಡಿಯುವ ಧೈರ್ಯವನ್ನು ಅದು ಸಾಮಾನ್ಯವಾಗಿ ಮಾಡದು. ಆದರೆ ಬಾಗಿ ನೀರು ಕುಡಿಯುವ ದನದ ಮೂತಿಯನ್ನು ದೊಡ್ಡ ಮೊಸಳೆ ಕಚ್ಚುವುದೇ ಇಲ್ಲವೆನ್ನಲಾಗದು.

ಸತ್ತ ದನ, ಕೋಳಿಯಂಗಡಿಯ ಕಸ, ಹಬ್ಬದ ಬಲಿಯ ಕರುಳು ಇವುಗಳನ್ನು ಹೊಳೆಗೆ ಎಸೆಯುವ ಪದ್ಧತಿ ಕೆಲವೆಡೆ ಇದೆ. ಇದು ಮೊಸಳೆಯನ್ನು ಕಡವಿಗೆ ಕರೆದು ಊಟ ಹಾಕಿದಂತೆ. ಈ ಪದ್ಧತಿಯನ್ನು ಗ್ರಾಮದ ಮುಖಂಡರು ಮುಂದೆ ನಿಂತು ನಿಲ್ಲಿಸತಕ್ಕದ್ದು.

೬. ಅದು ಮನುಷ್ಯನನ್ನು ಹಿಡಿಯುವ ಬಗೆ ಹೇಗೆ?

ಮೊಸಳೆಯ ಕಣ್ಣು, ಕಿವಿ, ಮೂಗು ಮೂರೂ ತಲೆಯ ಮೇಲ್ಭಾಗದಲ್ಲಿ ಒಂದೇ ಮಟ್ಟದಲ್ಲಿವೆ. ಆದ್ದರಿಂದ ಮೈಯೆಲ್ಲ ನೀರೊಳಗಿದ್ದರೂ ಅದು ನೋಡಬಲ್ಲದು, ಕೇಳಬಲ್ಲದು, ಉಸಿರಾಡಬಲ್ಲದು. ಪೂರ್ತಿ ಮುಳುಗಿ ಅಲ್ಲಾಡದೆ ಅರ್ಧ ಗಂಟೆಯವರೆಗೂ, ಕೆಲವು ವೇಳೆ ಅದಕ್ಕೂ ಮೇಲೆಯೂ ಇರಬಲ್ಲದು. ಓಡಿಸಿಕೊಂಡು ಹೋಗಿ ಹಿಡಿಯುವುದು ಅದರ ರೀತಿಯಲ್ಲ. ಕಾದು ಹಿಡಿಯುವುದೇ ರೀತಿ. ನೀರಿನ ಅಂಚಿಗೆ ಸದ್ದಿಲ್ಲದೆ ಬಂದು, ಬಾಲವನ್ನು ಒದ್ದು ಒಮ್ಮೆಗೇ ಮುನ್ನುಗ್ಗುವುದು. ಅಗಿಯಲು ಹಲ್ಲಿಲ್ಲದ ಕಾರಣ ಹಿಡಿದುದನ್ನು ನೀರಿಗೆಳೆದು ಮುಳುಗಿಸುವುದು, ಮೈಯನ್ನು ಸುತ್ತಿ ತಿರುಗಿಸಿ ಹರಿಯುವುದು. ಗಜೇಂದ್ರನ ಕಥೆಯಲ್ಲಿ ಆನೆಯು ಸೋತದ್ದು ನೀರಿನಲ್ಲಿ ಎಂಬುದನ್ನು ನೆನೆಯತಕ್ಕದ್ದು.

ಇದರಿಂದ ಅಪಾಯದ ಸ್ಥಳವೂ ಹೊತ್ತೂ ತಾವಾಗಿಯೇ ತಿಳಿಯುವುವು. ಸ್ಥಳವೆಂದರೆ ನೀರಿನ ಅಂಚಿನ ನಾಲ್ಕಾರು ಗಜ, ಅದರಲ್ಲಿಯೂ ಜೊಂಡು ಬೆಳೆದು ಆಳವಾದ ಮಡುವಿರುವ ಕಡೆ. ಹೊತ್ತೆಂದರೆ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ನಿಲುವೆಂದರೆ ಕುಕ್ಕರುಗಾಲಿನಲ್ಲಿ ಕೂತು ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಬಾಗಿ ಮುಖ ತೊಳೆಯುವುದು, ಸೊಂಟದ ನೀರಿನಲ್ಲಿ ಬಲೆ ಬೀಸುವುದು. ನಿಂತ ಮನುಷ್ಯನು ಮೊಸಳೆಗೆ ದೊಡ್ಡವನಾಗಿ ಕಾಣುವನು. ಕುಳಿತವನೂ ಮಗುವೂ ಚಿಕ್ಕ ಬೇಟೆಯಾಗಿ ಕಾಣುವರು.

ಹೊಳೆಯ ದಂಡೆಯಲ್ಲಿ ಪಂಪುಸೆಟ್ಟು ಇಟ್ಟಿರುವ ರೈತರಿಗೆ ಪ್ರತ್ಯೇಕವಾಗಿ ಹೇಳಬೇಕಾದುದೊಂದಿದೆ. ರಾತ್ರಿ ವಿದ್ಯುತ್ತು ಬಂದಾಗ ಒಬ್ಬನೇ ಹೋಗಿ, ನೀರಿಗಿಳಿದು ಫುಟ್‌ವಾಲ್ವಿಗೆ ಸಿಕ್ಕಿದ ಕಸ ತೆಗೆಯುವುದು ಎಲ್ಲಕ್ಕಿಂತ ಕೆಟ್ಟ ರೂಢಿ. ಕತ್ತಲೆ, ಒಂಟಿತನ, ಬಾಗಿದ ನಿಲುವು ಮೂರೂ ಅಲ್ಲಿ ಕೂಡುವುವು. ಕಸವನ್ನು ಹಗಲಿನಲ್ಲಿಯೇ ತೆಗೆಯತಕ್ಕದ್ದು. ಫುಟ್‌ವಾಲ್ವಿನ ಸುತ್ತ ಬಿದಿರಿನ ತಟ್ಟಿಯನ್ನಾಗಲಿ ತಂತಿಯ ಬುಟ್ಟಿಯನ್ನಾಗಲಿ ಕಟ್ಟಿದರೆ ಇಳಿಯುವ ಅಗತ್ಯವೇ ಕಡಮೆಯಾಗುವುದು.

೭. ನೆಲದ ಮೇಲೆ ಅಟ್ಟಿಸಿಕೊಂಡು ಬಂದರೆ ಅಡ್ಡಡ್ಡಲಾಗಿ ಓಡಬೇಕೆನ್ನುವರು, ನಿಜವೆ?

ನಿಜವಲ್ಲ. ನೆಲದ ಮೇಲೆ ಮೊಸಳೆ ಒಂದಿಷ್ಟು ದೂರ ರಭಸದಿಂದ ಬರಬಲ್ಲದಾದರೂ ಬೇಗನೆ ದಣಿಯುವುದು; ಮನುಷ್ಯನನ್ನು ಅಟ್ಟಿಸಿಕೊಂಡು ಹೋಗುವ ಉದ್ದೇಶ ಅದಕ್ಕೆ ಸಾಮಾನ್ಯವಾಗಿ ಇರದು. ನೀರಿನಿಂದ ದೂರಕ್ಕೆ ನೆಟ್ಟಗೆ ಓಡುವುದೇ ಸರಿ. ಮೊಸಳೆಗೂ ನೀರಿಗೂ ನಡುವೆ ಮಾತ್ರ ನಿಲ್ಲಕೂಡದು. ಹೆದರಿದ ಮೊಸಳೆ ನೀರಿಗೆ ಓಡುವುದು, ಅಡ್ಡ ನಿಂತವನಿಗೆ ಅದರ ಬಾಲದ ಪೆಟ್ಟೇ ಸಾಕು.

೮. ಯಾವ ಕಾಲದಲ್ಲಿ ಹೆಚ್ಚು ಎಚ್ಚರಿಕೆ ಬೇಕು?

ಫೆಬ್ರವರಿಯಿಂದ ಏಪ್ರಿಲಿನವರೆಗೆ, ಎಂದರೆ ಸುಮಾರು ಮಾಘದ ಕೊನೆಯಿಂದ ಚೈತ್ರದವರೆಗೆ, ಹೆಣ್ಣು ಮೊಸಳೆಯು ದಂಡೆಯ ಮರಳಿನಲ್ಲಾಗಲಿ ಸಡಿಲ ಮಣ್ಣಿನಲ್ಲಾಗಲಿ ಸುಮಾರು ಒಂದೂವರೆ ಅಡಿ ಗುಂಡಿ ತೋಡಿ ೨೫ರಿಂದ ೩೦ ಮೊಟ್ಟೆಗಳನ್ನಿಟ್ಟು ಮುಚ್ಚುವುದು. ಸುಮಾರು ಎರಡು ತಿಂಗಳಿಗೆ, ಮೃಗಶಿರೆಯ ಮಳೆ ಹಿಡಿಯುವುದಕ್ಕೆ ಹಿಂದುಮುಂದಾಗಿ, ಮರಿಗಳು ಹೊರಡುವುವು. ಮರಿಗಳು ಮೊಟ್ಟೆಯೊಳಗಿಂದಲೇ ಕೂಗುವುವು. ಆ ಕೂಗನ್ನು ಕೇಳಿ ತಾಯಿ ಗುಂಡಿಯನ್ನು ಬಗೆದು, ಒಂದಡಿಗಿಂತ ಹೆಚ್ಚಿಲ್ಲದ ಮರಿಗಳನ್ನು ಬಾಯಿಯಲ್ಲಿಟ್ಟುಕೊಂಡು ನೀರಿಗೆ ಒಯ್ಯುವುದು. ಇದನ್ನು ಕಂಡವರು ತಾಯಿಯೇ ಮರಿಗಳನ್ನು ತಿಂದಿತೆಂದು ತಪ್ಪು ತಿಳಿಯುವುದುಂಟು. ಮರಿ ಗಂಡಾಗುವುದೂ ಹೆಣ್ಣಾಗುವುದೂ ಗುಂಡಿಯ ಶಾಖವನ್ನು ಅನುಸರಿಸಿ ತೀರ್ಮಾನವಾಗುವುದೆಂಬುದು ವಿಚಿತ್ರವಾದರೂ ನಿಜ. ಮೊಟ್ಟೆಗಳಲ್ಲಿ ಹಲವನ್ನು ಉಡ, ಹಂದಿ, ನರಿಗಳು ತಿನ್ನುವುವು. ಮರಿಗಳಲ್ಲಿ ಹೆಚ್ಚಿನವು ಹಕ್ಕಿ ಮತ್ತು ದೊಡ್ಡ ಮೀನುಗಳ ಪಾಲಾಗುವುವು.

ಈ ತಿಂಗಳುಗಳಲ್ಲಿ ತಾಯಿಯು ಗುಂಡಿಯ ಹತ್ತಿರವೇ ಕಾವಲಿರುವುದು, ಹತ್ತಿರ ಬಂದವರ ಮೇಲೆ ಏರಿಬರುವುದು. ಇದೇ ಕಾಲದಲ್ಲಿ ಹಿನ್ನೀರು ಇಳಿದು ದನಗಳು ಮೇವಿಗಾಗಿ ಕೆರೆಯಂಗಳಕ್ಕೂ ನದಿಯ ಅಂಚಿಗೂ ಹೋಗುವುವು, ಹೊಳೆಯ ನೀರು ಮಡುಗಳಲ್ಲಿ ಮಾತ್ರ ನಿಲ್ಲುವುದು. ಹೀಗೆ ಮೊಸಳೆಯೂ ಮನುಷ್ಯನೂ ದನವೂ ಒಂದೇ ಮಡುವಿಗೆ ಬರುವುದರಿಂದ ಬೇಸಗೆಯೇ ಎಚ್ಚರಿಕೆಯ ಕಾಲ. ಎರಡನೆಯದು ಮಳೆಗಾಲ, ಆಗ ಕೆಂಪು ನೀರಿನಲ್ಲಿ ಏನೂ ಕಾಣದು, ಮೊಸಳೆಯೂ ಹೊಸ ಸ್ಥಳಗಳಿಗೆ ಹೋಗುವುದು.

೯. ಅಪಾಯವೆಂದ ಮೇಲೆ ಕೊಂದುಬಿಟ್ಟರಾಗದೆ? ಇಲ್ಲವೆ ಹಿಡಿದು ಬೇರೆಡೆ ಬಿಡಬಾರದೆ?

ಕೊಲ್ಲುವುದು ಅಪರಾಧ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲಿಯೇ, ಮೊಸಳೆಯನ್ನು ಸೇರಿಸಿದೆ. ಕೊಂದವರಿಗೆ ಮೂರು ವರ್ಷಕ್ಕೆ ಕಡಮೆಯಿಲ್ಲದ, ಏಳು ವರ್ಷದವರೆಗಿನ ಸೆರೆವಾಸವೂ ಜುಲ್ಮಾನೆಯೂ ಆಗುವುದು. ಮೊಟ್ಟೆ ತೆಗೆಯುವುದೂ ಅಪರಾಧವೇ. ಚರ್ಮದ ವ್ಯಾಪಾರಕ್ಕಾಗಿ ಎಡೆಬಿಡದೆ ಕೊಂದ ಕಾರಣ ೧೯೭೦ರ ಸುಮಾರಿಗೆ ದೇಶದ ಅನೇಕ ನದಿಗಳಲ್ಲಿ ಮೊಸಳೆ ಅಳಿಯುವ ಸ್ಥಿತಿಗೆ ಬಂದಿತ್ತು. ೧೯೭೫ರಲ್ಲಿ ಭಾರತ ಸರ್ಕಾರವು ಸಂರಕ್ಷಣೆಯ ಯೋಜನೆಯನ್ನು ಆರಂಭಿಸಿತು. ೧೯೭೬ರಲ್ಲಿ ಮದರಾಸಿನ ಬಳಿ ರಾಮುಲಸ್ ವಿಟೇಕರ್ ಮೊದಲಾದವರು ಮೊಸಳೆಗಳನ್ನು ಸಾಕಿ ಸಂತತಿ ಬೆಳೆಸುವ ಕೇಂದ್ರವನ್ನು ಸ್ಥಾಪಿಸಿದರು. ಈಗ ಹೊಳೆಯಲ್ಲಿ ಕಾಣುವ ಮೊಸಳೆಯು ಹಾಗೆ ಉಳಿದು ಬಂದದ್ದು.

ಹಿಡಿದು ಬೇರೆಡೆ ಬಿಡುವುದೂ ಸುಲಭದ ಪರಿಹಾರವಲ್ಲ. ಆಸ್ಟ್ರೇಲಿಯಾದಲ್ಲಿ ಉಪ್ಪುನೀರಿನ ಮೊಸಳೆಗಳನ್ನು ಹೆಲಿಕಾಪ್ಟರಿನಲ್ಲಿ ದೂರಕ್ಕೆ ಒಯ್ದು ಬಿಟ್ಟಾಗ ಅವು ತಮ್ಮ ಹಳೆಯ ನದಿಗೇ ಹಿಂದಿರುಗಿದುವೆಂದೂ, ಒಂದು ೪೦೦ ಕಿಲೋಮೀಟರಿಗೂ ಹೆಚ್ಚು ಈಜಿ ಬಂದಿತೆಂದೂ ೨೦೦೭ರಲ್ಲಿ ಪ್ರಕಟವಾದ ಶೋಧನೆಯಿಂದ ತಿಳಿದಿದೆ. ಅಲ್ಲದೆ ಒಂದನ್ನು ಒಯ್ದ ಸ್ಥಳಕ್ಕೆ ಇನ್ನೊಂದು ಬರಬಹುದು. ಆಗ ಊರವರು ಅಪಾಯ ಕಳೆಯಿತೆಂದು ಮೈಮರೆತಿರುವರು. ಊರ ನಡುವಿನ ಬಾವಿ, ಹೊಂಡ, ಗದ್ದೆಗಳಿಗೆ ಬಂದ ಮೊಸಳೆಯನ್ನು ಮಾತ್ರ ಹಿಡಿಯಲೇಬೇಕಾಗುವುದು. ಆ ಕೆಲಸವು ಅರಣ್ಯ ಇಲಾಖೆಯದೇ ಹೊರತು ಊರ ಹುಡುಗರದಲ್ಲ.

೧೦. ಮೊಸಳೆಯೊಡನೆ ಬಾಳುವುದು ಸಾಧ್ಯವೆ?

ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಗುಜರಾತಿನ ಖೇಡಾ, ಆಣಂದ ಜಿಲ್ಲೆಗಳ ಚರೋತರ್ ಎಂಬ ಸೀಮೆಯಲ್ಲಿ ಊರ ಕೆರೆಗಳಲ್ಲಿಯೇ ಇದೇ ಜಾತಿಯ ಮೊಸಳೆಗಳು ತಲೆಮಾರುಗಳಿಂದ ಇವೆ. ಜನರು ಅವುಗಳ ರೀತಿಯನ್ನು ಅರಿತು ಅದೇ ಕೆರೆಗಳನ್ನು ಬಳಸುತ್ತಿರುವರು. ಅಪಾಯ ಹೆಚ್ಚಾಗಿರುವ ಶ್ರೀಲಂಕೆಯಲ್ಲಿ ಇನ್ನೊಂದು ಉಪಾಯವಿದೆ. ಸ್ನಾನದ ಕಡವಿನಲ್ಲಿ ನೀರೊಳಗೆ ಗಟ್ಟಿಯಾದ ಗಳುಗಳನ್ನು ಒತ್ತೊತ್ತಾಗಿ ಅರ್ಧಚಂದ್ರಾಕಾರವಾಗಿ ನೆಟ್ಟು ಬೇಲಿ ಕಟ್ಟುವರು. ನೀರು ಒಳಗೆ ಬರುವುದು, ಮೊಸಳೆ ಬರಲಾರದು. ಭದ್ರೆಯ ದಂಡೆಯ ಗ್ರಾಮಗಳಲ್ಲಿಯೂ ಬಿದಿರಾಗಲಿ ಕಬ್ಬಿಣದ ಜಾಲರಿಯಾಗಲಿ ಬಳಸಿ ಇಂಥ ಕಡವನ್ನು ಮಾಡಿಕೊಳ್ಳಬಹುದು. ಆದರೆ ಪ್ರತಿಯೊಂದು ಪ್ರವಾಹದ ತರುವಾಯವೂ ಬೇಲಿಯನ್ನು ಪರೀಕ್ಷಿಸತಕ್ಕದ್ದು. ಮುರಿದ ಬೇಲಿಯು ಬೇಲಿಯಿಲ್ಲದುದಕ್ಕಿಂತ ಕೆಟ್ಟದ್ದು.

೧೧. ಗ್ರಾಮದವರು ಸೇರಿ ಮಾಡಬೇಕಾದುದೇನು?

(ಅ) ಮೊಸಳೆಯಿರುವುದು ಖಚಿತವಾದರೆ ಊರಿಗೆ ಒಂದೇ ಕಡವನ್ನು ಗೊತ್ತುಮಾಡತಕ್ಕದ್ದು. ಅದು ಆಳವಿಲ್ಲದ, ಜೊಂಡಿಲ್ಲದ, ನಾಲ್ಕೂ ಕಡೆ ಕಣ್ಣು ಹರಿಯುವ ಸ್ಥಳವಾಗಿರಲಿ.

(ಆ) ಸೂರ್ಯ ಮುಳುಗಿದ ಮೇಲೆ ಯಾರೂ ನೀರಿಗಿಳಿಯಕೂಡದು. ಹಗಲಿನಲ್ಲಿಯೂ ಜೊತೆಯಿಲ್ಲದೆ ಹೋಗಕೂಡದು. ಒಬ್ಬರು ಒಗೆಯುವಾಗ ಇನ್ನೊಬ್ಬರು ನಿಂತು ನೀರನ್ನು ನೋಡುತ್ತಿರಲಿ.

(ಇ) ಬಟ್ಟೆ ಒಗೆಯುವ ಕಲ್ಲುಗಳನ್ನು ನೀರಿನ ಅಂಚಿನಿಂದ ಮೇಲಕ್ಕೆ ಸರಿಸಿ, ನೀರನ್ನು ಕೊಡದಲ್ಲಿ ಒಯ್ದು ಒಗೆಯುವುದು ಉತ್ತಮ.

(ಈ) ದನಗಳಿಗೆ ದಂಡೆಯಿಂದ ದೂರದಲ್ಲಿ ತೊಟ್ಟಿ ಕಟ್ಟಿಸಿ, ಪಂಪಿನಿಂದ ನೀರು ತುಂಬಿಸತಕ್ಕದ್ದು. ಒಂದು ಕರುವಿನ ಬೆಲೆಗಿಂತ ತೊಟ್ಟಿಯ ಖರ್ಚು ಹೆಚ್ಚಲ್ಲ. ಒಂದು ಮಗುವಿನ ಪ್ರಾಣಕ್ಕೆ ಬೆಲೆಯೇ ಇಲ್ಲ.

(ಉ) ಮೊಸಳೆಗಳು ಬಿಸಿಲು ಕಾಯುವ ಮತ್ತು ಮೊಟ್ಟೆಯಿಡುವ ದಂಡೆಯನ್ನು ಅವುಗಳಿಗೇ ಬಿಡತಕ್ಕದ್ದು. ಅಲ್ಲಿ ಮರಳು ತೆಗೆದರೆ ಅವು ಬೇರೆ ದಂಡೆಯನ್ನು ಹುಡುಕುವುವು. ಅದು ಊರ ಕಡವೇ ಆಗಬಹುದು.

(ಊ) ಕಲ್ಲೆಸೆಯುವುದನ್ನೂ, ಹತ್ತಿರ ಹೋಗಿ ಚಿತ್ರ ತೆಗೆಯುವುದನ್ನೂ, ಮಾಂಸ ಹಾಕಿ ಕರೆಯುವುದನ್ನೂ ತಡೆಯತಕ್ಕದ್ದು. ಮೊಸಳೆಯ ಮೇಲೆ ಧೈರ್ಯ ತೋರಿಸುವವನಿಗಿಂತ ಅವನ ಹಿಂದೆ ನೀರಿಗಿಳಿಯುವ ಮಗುವಿಗೆ ಹೆಚ್ಚು ಅಪಾಯ.

(ಋ) ಮೊಸಳೆ ಕಂಡ ದಿನ, ಹೊತ್ತು, ಸ್ಥಳಗಳನ್ನು ಪಂಚಾಯಿತಿಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಎರಡು ಬೇಸಗೆ ಕಳೆಯುವಷ್ಟರಲ್ಲಿ ಯಾವ ಮಡು ಯಾವಾಗ ಅಪಾಯವೆಂಬುದು ಆ ಪುಸ್ತಕದಿಂದಲೇ ತಿಳಿಯುವುದು.

೧೨. ಅನಾಹುತವಾದರೆ ಏನು ಮಾಡಬೇಕು?

ಮೊಸಳೆ ಹಿಡಿದಾಗ ಸುಮ್ಮನಿರಕೂಡದು. ಅದರ ಕಣ್ಣುಗಳಿಗೂ ಮೂಗಿನ ತುದಿಗೂ ಬಲವಾಗಿ ಹೊಡೆಯತಕ್ಕದ್ದು. ಬಿಡುವಂತೆ ಮಾಡುವ ಸ್ಥಳಗಳು ಅವೇ. ದಂಡೆಯಲ್ಲಿರುವವರು ನೀರಿಗೆ ಧುಮುಕದೆ ಉದ್ದವಾದ ಗಳು, ಹಗ್ಗಗಳನ್ನು ನೀಡಿ ಎಳೆಯಬೇಕು. ಬಿಡಿಸಿಕೊಂಡ ಮೇಲೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿದು ರಕ್ತ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಸಾಗಿಸತಕ್ಕದ್ದು. ಗಾಯ ಚಿಕ್ಕದೆಂದು ಅರಿಸಿನ ಹಚ್ಚಿ ಮನೆಯಲ್ಲಿ ಕೂಡಕೂಡದು. ಮೊಸಳೆಯ ಬಾಯಿಯ ನಂಜು ಒಳಗೇ ಕೊಳೆಯುವಂಥದು, ಧನುರ್ವಾಯುವಿನ ಚುಚ್ಚುಮದ್ದೂ ಬೇಕಾಗುವುದು.

ಜಾನುವಾರು ಸತ್ತರೆ ಕಳೇಬರವನ್ನು ಕದಲಿಸದೆ, ಹೆಜ್ಜೆಯ ಗುರುತುಗಳನ್ನು ತುಳಿಯದೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ಇಲಾಖೆಯ ಸಹಾಯವಾಣಿಯ ಸಂಖ್ಯೆ ೧೯೨೬. ವನ್ಯಮೃಗಗಳಿಂದಾದ ನಷ್ಟಕ್ಕೆ ಪರಿಹಾರ ಕೊಡುವ ಕ್ರಮವುಂಟು. ಆದರೆ ಸ್ಥಳಪರೀಕ್ಷೆಯಾಗದ ನಷ್ಟವನ್ನು ರುಜುವಾತುಪಡಿಸುವುದು ಕಷ್ಟ.

ಮೇಲೆ ಹೇಳಿದುದರ ಸಾರಾಂಶವಿಷ್ಟೆ. ನೀರು ಮೊಸಳೆಯ ಮನೆ, ಅಂಚು ಎಲ್ಲರದು. ಅಂಚಿಗೆ ಬೆಳಕಿದ್ದಾಗ, ಜೊತೆಯೊಡನೆ, ನೋಡಿಕೊಂಡು ಹೋಗತಕ್ಕದ್ದು. ಈ ಪತ್ರಿಕೆಯನ್ನು ಗ್ರಾಮಸಭೆಯಲ್ಲಿಯೂ ಶಾಲೆಯಲ್ಲಿಯೂ ಓದಿ ಹೇಳಿ, ಬೇಸಗೆ ಬರುವ ಮುಂಚೆಯೇ ಕಡವನ್ನು ಗೊತ್ತುಮಾಡುವಂತೆ ಗ್ರಾಮದ ಮುಖಂಡರನ್ನು ಕೋರಲಾಗಿದೆ.